ಮಗಳ ವೀಸಾ ಸಲಹೆಗೆ ಹೋದಾಗ ಗಾಂಜಾ ಕಾನೂನನ್ನೂ ಬಿಡಿಸಿ ಹೇಳಿದರು

ನಾವು ವಿಜಯಪುರದವರು, ಈಗ ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಮಗಳಿಗೆ ಅಮೆರಿಕದ ಕೊಲೊರಾಡೊದಲ್ಲಿ ಎಂ.ಎಸ್. ಸೀಟು ಸಿಕ್ಕಿತು. ಮೊದಲು ಹೋದ ಏಜೆನ್ಸಿಯಲ್ಲಿ, "ಅಲ್ಲಿ ಗಾಂಜಾ ಅಂಗಡಿಗಳಿವೆಯಂತೆ, ಹುಡುಗರಿಗೆ ತೊಂದರೆ ಆಗಲ್ವಾ?" ಎಂದು ಕೇಳಿದೆ. "ಎಲ್ಲಾ ಲೀಗಲ್ ಸರ್" ಎಂದು ಫೈಲ್ ಮುಚ್ಚಿಬಿಟ್ಟರು. ನನಗೆ ಸಮಾಧಾನ ಆಗಲಿಲ್ಲ.

ಆಮೇಲೆ ಸಿಕ್ಕಿದ್ದು ಪುಣೆಯದೇ ಡೆಕ್ಕನ್ ಬಡಾವಣೆಯ ಈ ಚಿಕ್ಕ ವೀಸಾ ಸಲಹೆ ಕಚೇರಿ. ಮೇಡಂ ಧಾರವಾಡದವರು. ಅದೇ ಪ್ರಶ್ನೆಗೆ ಪೂರ್ತಿ ಅರ್ಧ ಗಂಟೆ ಕೊಟ್ಟರು.

"ನೋಡ್ರಿ ಕಾಕಾ, ನಮ್ಮಲ್ಲಿ ಗಾಂಜಾ ಗಿಡದ ಭಂಗಿ ಎಲೆ 1985ರ ಕೇಂದ್ರದ ಮಾದಕ ವಸ್ತು ಕಾನೂನಿನ ಹೊರಗೈತಿ. ರಾಜ್ಯ ಹೇಳಿದಂಗ ನಡೀತದ. ಅಲ್ಲಿ ಹಂಗಲ್ಲ" ಎಂದು ಶುರು ಮಾಡಿದರು. ಕೊಲೊರಾಡೊ ಜನ 2012ರಲ್ಲಿ ವೋಟು ಹಾಕಿ ಒಪ್ಪಿದರು. 2014ರ ಜನವರಿ 1ಕ್ಕೆ ಅಂಗಡಿ ತೆರೆದವು. 21 ವರ್ಷ ತುಂಬಿದವರು ಕೊಳ್ಳಬಹುದು. ಆದರೆ ಅಮೆರಿಕದ 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆ ಒಂದೇ ಪಟ್ಟಿಗೆ ಸೇರಿಸಿತ್ತು. ರಾಜ್ಯ ಒಪ್ಪಿದರೂ ಕೇಂದ್ರ ತಡೆಯಬಹುದು ಎಂದು 2005ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ.

ಅಲ್ಲಿನವರಿಗೆ ಇದು ಎರಡು ಸರ್ಕಾರಗಳ ಜಗಳ. ನಮ್ಮ ಮಕ್ಕಳಿಗೆ ವೀಸಾ ಪ್ರಶ್ನೆ, ಯಾಕಂದ್ರೆ ವೀಸಾ ಕೊಡೋದು ಕೇಂದ್ರ. ಪೊಲೀಸ್ ಕೇಸೇ ಬೇಕಿಲ್ಲ. ರಜೆ ಮುಗಿಸಿ ವಾಪಸ್ ಹೋಗುವಾಗ ವಿಮಾನ ನಿಲ್ದಾಣದ ಅಧಿಕಾರಿ ಮುಂದೆ "ಸೇದಿದ್ದೆ" ಎಂದು ಒಪ್ಪಿಕೊಂಡರೂ ಒಳಗೆ ಬಿಡದೆ ಇರಬಹುದು. ಅಂಥ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದರೂ ಕಷ್ಟ. ಕೇಂದ್ರದ ದುಡ್ಡು ಬರುವ ಕಾರಣ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲೂ ನಿಷೇಧ. ಮಗಳು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೇಡಂ ಅವಳನ್ನು ಒಂದು ಸಲವೂ ಅನುಮಾನದಿಂದ ನೋಡಲಿಲ್ಲ, ದೊಡ್ಡವಳ ಹತ್ತಿರ ಮಾತಾಡಿದಂತೆ ಮಾತಾಡಿದರು. ನನಗೆ ಅದು ತುಂಬಾ ಹಿಡಿಸಿತು.

ಫೀಸು 2,000 ರೂಪಾಯಿ, ರಸೀದಿ ಕೊಡುತ್ತಾರೆ. ಕುಂದುಕೊರತೆ ಅಂದರೆ ಲಿಫ್ಟ್ ಇಲ್ಲ, ಮೊಣಕಾಲು ನೋವಿದ್ದರೆ ಎರಡು ಮಹಡಿ ಹತ್ತೋದು ಕಷ್ಟ. ಗಾಡಿ ನಿಲ್ಲಿಸಲು ಜಾಗ ಸಿಗಲ್ಲ, ಬಸ್ಸಿನಲ್ಲೇ ಹೋಗಿ. ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ನೀವೊಬ್ಬರೇ ಕೇಳಿ ಬಂದು ಮನೆಯಲ್ಲಿ ಹೇಳಿದರೆ ಅವರು ನಂಬಲ್ಲ.