ಲಂಡನ್–ಪ್ಯಾರಿಸ್ ವಿಮಾನ: ಟಿಕೆಟ್ಟಿನ ಎಂಬತ್ತು ನಿಮಿಷ, ಬಾಗಿಲಿನಿಂದ ಬಾಗಿಲಿಗೆ ಆರು ಗಂಟೆ

ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು 350 ಕಿ.ಮೀ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದರೆ ಹೆಚ್ಚುಕಡಿಮೆ ಅಷ್ಟೇ ದೂರ. ಹೋಗುವಾಗ ವಿಮಾನವನ್ನೂ ಬರುವಾಗ ರೈಲನ್ನೂ ಹಿಡಿದಿದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಅವಕಾಶವಾಯಿತು.

ಟಿಕೆಟ್ಟಿನಲ್ಲಿ ಹೊರಡುವ ಸಮಯ 10:00, ತಲುಪುವ ಸಮಯ 12:20 ಎಂದಿತ್ತು. ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಪ್ರಯಾಣ ನಿಜಕ್ಕೂ 80 ನಿಮಿಷದ್ದು. (ಇದೇ ಕಾರಣಕ್ಕೆ ಮರಳುವ ವಿಮಾನದ ವೇಳೆ ನೋಡಿದರೆ ಇಪ್ಪತ್ತೇ ನಿಮಿಷದಲ್ಲಿ ಲಂಡನ್ ತಲುಪಿದಂತೆ ಕಾಣುತ್ತದೆ.) ಈ 80 ನಿಮಿಷವೂ ಪೂರ್ತಿ ಹಾರಾಟವಲ್ಲ, ವೇಳಾಪಟ್ಟಿಯ ಲೆಕ್ಕ ಗೇಟಿನಿಂದ ಗೇಟಿಗೆ ಇರುವುದರಿಂದ, ರನ್‌ವೇವರೆಗೆ ತೆವಳುವ, ಸರದಿಗಾಗಿ ಕಾಯುವ, ಇಳಿದ ಮೇಲೆ ಟರ್ಮಿನಲ್ ಸೇರುವ ಹೊತ್ತೆಲ್ಲ ಅದರಲ್ಲೇ ಅಡಗಿರುತ್ತದೆ. ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ನನ್ನ ಕೈಗಡಿಯಾರದಲ್ಲಿ 47 ನಿಮಿಷ ಹಿಡಿಯಿತು. ಗಗನಸಖಿ ನಮ್ಮ ಸಾಲಿಗೆ ಬರುವ ಹೊತ್ತಿಗೆ ಇಂಗ್ಲಿಷ್ ಕಾಲುವೆ ಹಿಂದೆ ಸರಿದಿತ್ತು. ಬಿಸ್ಕತ್ತಿನ ಪೊಟ್ಟಣ ಬಿಡಿಸುವಷ್ಟರಲ್ಲಿ ಟ್ರೇ ಮಡಚಿರೆಂಬ ಸೂಚನೆ ಬಂದೇಬಿಟ್ಟಿತು.

ತೊಡಕಿರುವುದು ಆಕಾಶದಲ್ಲಲ್ಲ, ನೆಲದ ಮೇಲೆ. ನಗರದ ನಡುವಿನಿಂದ ಪಿಕಡಿಲಿ ಮಾರ್ಗದ ಮೆಟ್ರೊದಲ್ಲಿ ಹೀಥ್ರೂಗೆ ಒಂದು ಗಂಟೆ, ಅಲ್ಲಿ ಎರಡು ಗಂಟೆಯ ಕಾಯುವಿಕೆ, ಆಚೆ ಪಾಸ್‌ಪೋರ್ಟ್ ಸಾಲು, ಬಳಿಕ ಪ್ಯಾರಿಸ್ ನಗರಕ್ಕೆ ಆರ್‌ಇಆರ್ ಬಿ ಎಂಬ ಉಪನಗರ ರೈಲು. ಈ ರೈಲಿನ ದರವೂ 2025ರಲ್ಲಿ 13 ಯೂರೊ ಆಗಿತ್ತು. ಸಾಲದೆಂಬಂತೆ ನಮ್ಮ ವಿಮಾನ ನಲವತ್ತು ನಿಮಿಷ ತಡವಾಯಿತು. ಗೇಟಿನಲ್ಲಿದ್ದ ಸಿಬ್ಬಂದಿ ಕಾರಣವನ್ನಾಗಲಿ ಕ್ಷಮೆಯನ್ನಾಗಲಿ ಹೇಳುವ ಗೋಜಿಗೆ ಹೋಗಲಿಲ್ಲ. ಮನೆ ಬಿಟ್ಟು ಹೋಟೆಲಿನ ಬಾಗಿಲು ಮುಟ್ಟುವಷ್ಟರಲ್ಲಿ ಆರು ಗಂಟೆ ದಾಟಿತ್ತು.

ಯೂರೋಸ್ಟಾರ್ ರೈಲು ಪ್ಯಾರಿಸ್ಸಿನ ಗಾರ್ ದು ನೋರ್‌ನಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ಗೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಟಿಕೆಟ್ಟಿನ ಮೇಲಷ್ಟೇ ನೋಡಿದರೆ ವಿಮಾನಕ್ಕಿಂತ ನಿಧಾನ. ಆದರೆ ಎರಡೂ ನಿಲ್ದಾಣಗಳು ಊರೊಳಗೇ ಇವೆ. ಫ್ರಾನ್ಸಿನ ನಿರ್ಗಮನ ತಪಾಸಣೆಯೂ ಬ್ರಿಟನ್ನಿನ ಪ್ರವೇಶ ತಪಾಸಣೆಯೂ ಪ್ಯಾರಿಸ್ಸಿನಲ್ಲೇ ಮುಗಿಯುವುದರಿಂದ, ಲಂಡನ್ನಿನಲ್ಲಿ ಇಳಿದವರು ಪೆಟ್ಟಿಗೆ ಎಳೆದುಕೊಂಡು ನೇರವಾಗಿ ಬೀದಿಗೆ ಬರಬಹುದು. 100 ಮಿ.ಲೀ. ದ್ರವದ ನಿರ್ಬಂಧವಿಲ್ಲದ ಕಾರಣ ನಾನು ಕೊಂಡ ಅಂಜೂರದ ಜಾಮಿನ ದೊಡ್ಡ ಬಾಟಲಿ ಕೈಚೀಲದಲ್ಲೇ ಬಂತು. ರೈಲು ಇಂಗ್ಲಿಷ್ ಕಾಲುವೆ ದಾಟುವ 50 ಕಿ.ಮೀ. ಉದ್ದದ ಸುರಂಗದಲ್ಲಿ ಸುಮಾರು 38 ಕಿ.ಮೀ. ಕಡಲಡಿಯಲ್ಲಿದೆ, ಸಮುದ್ರ ನೋಡುವ ಆಸೆಯಿಂದ ಕಿಟಕಿ ಬದಿ ಕುಳಿತವರಿಗೆ ಸಿಗುವುದು ಇಪ್ಪತ್ತು ನಿಮಿಷದ ಕತ್ತಲೆ ಮಾತ್ರ. ಬಾಗಿಲಿನಿಂದ ಬಾಗಿಲಿಗೆ ನನಗೆ ನಾಲ್ಕು ಗಂಟೆಯಾಯಿತು.

ಬೆಂಗಳೂರಿನಿಂದ ಹೀಥ್ರೂಗೆ ಬಂದು, ಲಂಡನ್ ನಗರಕ್ಕೆ ಹೋಗದೆ ಅದೇ ಟಿಕೆಟ್ಟಿನಲ್ಲಿ ಪ್ಯಾರಿಸ್ಸಿಗೆ ಹೊರಡುವವರಿಗೆ ವಿಮಾನವೇ ಸೂಕ್ತ. ಉಳಿದವರು ರೈಲನ್ನೇ ನೆಚ್ಚಿಕೊಳ್ಳಬಹುದು. ಆದರೆ ಹೊರಡುವ ದಿನ ಹತ್ತಿರವಾದಂತೆ ಅದರ ದರ ಏರುವುದುಂಟು. ಎರಡು ತಿಂಗಳು ಮುಂಚೆ ಕಾಯ್ದಿರಿಸಿದ್ದರಿಂದ ನನಗೆ ಅದು ವಿಮಾನಕ್ಕಿಂತ ಅಗ್ಗವಾಗಿ ಸಿಕ್ಕಿತು.