ಲಾಲ್‌ಬಾಗ್ ಫ್ಲವರ್ ಶೋ: ಹೂವಿಗೆ ಫುಲ್ ಮಾರ್ಕ್ಸ್, ಪಾರ್ಕಿಂಗ್‌ಗೆ ಐದಕ್ಕೆ ಎರಡೂವರೆ

ಹೂವಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಗಾಜಿನ ಮನೆಯ ರೀಲ್ಸ್ ಅಂತೂ ಕೇಳಲೇಬೇಡಿ. ನಾನು ಹೇಳುವುದು ಗಾಡಿ ನಿಲ್ಲಿಸುವ ಪಾಡಿನ ಬಗ್ಗೆ ಮಾತ್ರ.

ಜನವರಿ 26ಕ್ಕೆ ಒಂದು, ಆಗಸ್ಟ್ 15ಕ್ಕೆ ಒಂದು ಶೋ. ಆಗಸ್ಟ್‌ದು ಮಳೆ ಜೊತೆಗೆ ಬರುವುದರಿಂದ ಪಾರ್ಕಿಂಗ್ ಗೋಳು ಇನ್ನೂ ಜಾಸ್ತಿ. ಹಾಗಂತ ಜಾಗವೇ ಇಲ್ಲ ಅನ್ನುವುದು ಸುಳ್ಳು. ಟ್ರಾಫಿಕ್ ಪೊಲೀಸರು ಪಟ್ಟಿ ಕೊಡುತ್ತಾರೆ: ಶಾಂತಿನಗರ ಬಸ್ ನಿಲ್ದಾಣದ ಬಹುಮಹಡಿ ಪಾರ್ಕಿಂಗ್, ಮರೀಗೌಡ ರಸ್ತೆಯ ಹಾಪ್‌ಕಾಮ್ಸ್ ಜಾಗ, ಬೈಕಿನವರಿಗೆ ಅಲ್ ಅಮೀನ್ ಕಾಲೇಜಿನ ಆವರಣ, ಜೆ.ಸಿ. ರಸ್ತೆಯ ಕಾರ್ಪೊರೇಷನ್ ಪಾರ್ಕಿಂಗ್. ಪೇಪರ್‌ನಲ್ಲೂ ಬರುತ್ತದೆ. ಓದುವವರು ಯಾರು? ಎಲ್ಲರೂ ಮೊಬೈಲ್‌ನಲ್ಲಿ ಲಾಲ್‌ಬಾಗ್ ಅಂತ ಹಾಕುತ್ತಾರೆ, ಸೀದಾ ಮೇನ್ ಗೇಟ್ ಮುಂದೆ ಬಂದು ನಿಲ್ಲುತ್ತಾರೆ, ಅಲ್ಲಿ "ಮುಂದೆ ಹೋಗಿ ಸಾರ್, ಮುಂದೆ ಹೋಗಿ" ಅಂತ ಸೀಟಿ ಊದುತ್ತಾರೆ, ಮುಂದೆ ಹೋದರೆ ನಿಮ್ಹಾನ್ಸ್ ತನಕ ಎರಡೂ ಕಡೆ ನೋ ಪಾರ್ಕಿಂಗ್. ಆಮೇಲೆ ಎಲ್ಲೋ ತಿರುಗಿಸಿಕೊಂಡು ಮತ್ತೆ ಅದೇ ಗೇಟಿಗೆ. ಅರ್ಧ ಜಾಮ್ ಆಗುವುದೇ ಹೀಗೆ ಸುಮ್ನೆ ಸುತ್ತುವ ಗಾಡಿಗಳಿಂದ.

ಹತ್ತಿರವೇ ಇರಲಿ ಅಂತ ಪಕ್ಕದ ರಸ್ತೆಯ ಒಂದು ಖಾಸಗಿ ಜಾಗದಲ್ಲಿ ಬೈಕ್ ಬಿಟ್ಟೆವು. ಹೆಸರು ಬೇಡ ಬಿಡಿ. ಚೀಟಿಯಲ್ಲಿ ಅಚ್ಚಾದ ರೇಟನ್ನು ಹೊಡೆದು ಪೆನ್ನಲ್ಲಿ ಬೇರೆ ಬರೆದಿತ್ತು, ಅದೂ ಹೋಗಲಿ. ವಾಪಸ್ ಬಂದು ನೋಡಿದರೆ ಕನ್ನಡಿಗೆ ಕನ್ನಡಿ ತಾಗುವಂತೆ ಗಾಡಿ ತುರುಕಿದ್ದಾರೆ, ನಮ್ಮದು ಈಚೆ ಬರಬೇಕಾದರೆ ಮುಂದಿನ ಸಾಲೇ ಸರಿಯಬೇಕು. ಅದಕ್ಕಿಂತ ದೊಡ್ಡ ತಲೆನೋವು ಏನು ಗೊತ್ತಾ? ದುಡ್ಡು ತೆಗೆದುಕೊಳ್ಳುವುದು ಹೊರಗೆ ಹೋಗುವಾಗ! ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿರುತ್ತದೆ? ಸ್ಕ್ಯಾನ್ ಮಾಡಿದರೆ ಚಕ್ರ ತಿರುಗುತ್ತಲೇ ಇದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಚಿಲ್ಲರೆ ಕೇಳಿದರೆ ಹುಡುಗನ ಹತ್ತಿರ ಇಲ್ಲ. ಒಂದು ಗೇಟಿನ ಕ್ಯೂ ಇಡೀ ರಸ್ತೆಗೆ ಬಂತು. ಒಳಗೆ ಬಿಡುವಾಗಲೇ ವಸೂಲಿ ಮಾಡಿದ್ದರೆ ಮುಗಿದೇ ಹೋಗುತ್ತಿತ್ತು ಅಲ್ವಾ? ಒಳಗೆ ಬರುವಾಗ ಜನ ಬಿಡಿಬಿಡಿಯಾಗಿ ಬರುತ್ತಾರೆ, ಹೊರಡುವಾಗ ಕತ್ತಲಾಯಿತು ಅಂತ ಎಲ್ಲರೂ ಒಟ್ಟಿಗೆ.

ಕಾರು ತರಲೇಬೇಕು ಅನ್ನುವವರಿಗೆ ನನ್ನ ಓಟು ಶಾಂತಿನಗರಕ್ಕೆ. ಮೇಲೆ ಸೂರಿದೆ, ಕಾಲಿಗೆ ಕೆಸರು ಇಲ್ಲ. ಡಬಲ್ ರೋಡ್ ಗೇಟ್ ತನಕ ಸ್ವಲ್ಪ ನಡೆಯಬೇಕು, ಆದರೆ ಮೇನ್ ಗೇಟ್ ಮುಂದೆ ಕಾರಿನಲ್ಲಿ ಕೂತು ಬೆವರುವುದಕ್ಕಿಂತ ಎಷ್ಟೋ ವಾಸಿ. ಬೋರ್ಡ್ ಮಾತ್ರ ಕಮ್ಮಿ. ಜಾಗ ತುಂಬಿದೆ ಅಂತ ಒಳಗೆ ನುಗ್ಗಿದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ, ರಿಚ್ಮಂಡ್ ಸರ್ಕಲ್ ಹತ್ತಿರವೇ ಒಂದು ಬೋರ್ಡ್ ಹಾಕಬೇಕು.

ನಿಜ ಹೇಳಬೇಕೆಂದರೆ ಮೆಟ್ರೋನೇ ಗೆದ್ದಿದೆ. 2017ರಿಂದ ಲಾಲ್‌ಬಾಗ್ ಸ್ಟೇಷನ್ ಇದೆ, ವೆಸ್ಟ್ ಗೇಟ್ ಹತ್ತಿರವೇ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ಬಂದಿರುವುದರಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಯವರು ಆರ್.ವಿ. ರೋಡ್‌ನಲ್ಲಿ ಬದಲಾಯಿಸಿದರೆ ಆಯಿತು. ಸಂಜೆ ವಾಪಸ್ ಬರುವಾಗ ನೂಕುನುಗ್ಗಲು ಇದ್ದೇ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ಹಿಂದಿನ ಕೆಲವು ಶೋಗಳಲ್ಲಿ ಲಾಲ್‌ಬಾಗ್‌ನಿಂದ ಎಲ್ಲಿಗೆ ಹೋದರೂ 30 ರೂಪಾಯಿಯ ಕಾಗದದ ಟಿಕೆಟ್ ಕೊಟ್ಟಿದ್ದರು, ಒಳ್ಳೆಯ ಐಡಿಯಾ. ಇಲ್ಲದಿದ್ದರೆ ಕಾರ್ಡ್‌ಗೆ ಮೊದಲೇ ದುಡ್ಡು ತುಂಬಿಸಿಕೊಂಡು ಹೋಗಿ. ಹಾಂ, ಬೀಜ, ಗಿಡ ಕೊಳ್ಳುವ ಪ್ಲಾನ್ ಇದ್ದರೆ ಕುಂಡ ಸಮೇತ ದೊಡ್ಡದು ತೆಗೆದುಕೊಳ್ಳಬೇಡಿ, ರೈಲಿನಲ್ಲಿ ನಿಮಗೇ ನಿಲ್ಲಲು ಜಾಗ ಇರುವುದಿಲ್ಲ.