ಬೊಂಡಾಸ್ ಮೊಟ್ಟೆಗೆ ಯುಎಸ್‌ಬಿ ಸೂಕ್ಷ್ಮದರ್ಶಕ: ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಆನ್‌ಲೈನ್‌ನಲ್ಲಿ 1,500ರಿಂದ 2,500 ರೂಪಾಯಿಗೆ ಸಿಗುವ, ತುದಿಯಲ್ಲಿ ಎಂಟು ಎಲ್‌ಇಡಿ ದೀಪಗಳಿರುವ ಯುಎಸ್‌ಬಿ ಸೂಕ್ಷ್ಮದರ್ಶಕದ ಬಗ್ಗೆ ಈ ಮಾತು. ಕಾರವಾರ, ಅಂಕೋಲಾ ಕಡೆಯ ಶಾಲೆ, ಕಾಲೇಜುಗಳು ಬೊಂಡಾಸ್ (ಸ್ಕ್ವಿಡ್) ಭ್ರೂಣದಲ್ಲಿ ಕಣ್ಣು, ಮಿದುಳು ಮೂಡುವುದನ್ನು ತೋರಿಸಲು ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಲಿ. ನರಕೋಶ ಹುಟ್ಟುವುದನ್ನೇ ನೋಡಬೇಕೆಂದರೆ ಇದು ಸಾಲದು.

ಪೆಟ್ಟಿಗೆಯ ಮೇಲಿನ ‘1000 ಪಟ್ಟು’ ನಂಬಬೇಡಿ. ಪರದೆ ದೊಡ್ಡದಾದಷ್ಟೂ ಆ ಸಂಖ್ಯೆ ಹಿಗ್ಗುತ್ತದೆ, ವಿವರ ಹೆಚ್ಚುವುದಿಲ್ಲ. ಉಕ್ಕಿನ ಸ್ಕೇಲಿನ ಅರ್ಧ ಮಿಲಿಮೀಟರ್ ಗೆರೆಗಳ ಚಿತ್ರ ತೆಗೆದು, ಎರಡು ಗೆರೆಗಳ ನಡುವೆ ಎಷ್ಟು ಪಿಕ್ಸೆಲ್ ಇವೆಯೆಂದು ಎಣಿಸಿದರೆ ನಿಜವಾದ ಅಳತೆ ಸಿಗುತ್ತದೆ. ಫೋಕಸ್ ಬದಲಿಸಿದಾಗಲೆಲ್ಲ ಮತ್ತೆ ಎಣಿಸಬೇಕು.

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆಗೆ ಅಂಟಿ ಬರುವ, ಬೆರಳುದ್ದದ ಬಿಳಿ ಲೋಳೆಕೋಶಗಳನ್ನೇ ಆರಿಸಿಕೊಳ್ಳಿ. ಇವು ಬೊಂಡಾಸಿನವು, ಒಳಗಿನ ಭ್ರೂಣ ಗಾಜಿನಷ್ಟು ಪಾರದರ್ಶಕ. ಶಾಯಿ ಬಳಿದ ಕಪ್ಪು ಮೊಟ್ಟೆಗಳ ಗೊಂಚಲು ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಜಾತಿಯದು. ಹೊದಿಕೆ ಬಿಡಿಸದೆ ಅದರೊಳಗೆ ಏನೂ ಕಾಣದು. ನೀರು ತರುವಾಗ ಕಾಳಿ ನದಿಯ ಅಳಿವೆಯನ್ನು ಬಿಟ್ಟು ತೆರೆದ ಸಮುದ್ರದ ಕಡೆಯಿಂದ ತನ್ನಿ. ಉಪ್ಪಿನಂಶ ಲೀಟರಿಗೆ 30ರಿಂದ 35 ಗ್ರಾಂ ಇರಬೇಕು. ಅದಕ್ಕಿಂತ ತೆಳುವಾದರೆ ಭ್ರೂಣ ಊದಿಕೊಂಡು ಸಾಯುತ್ತದೆ.

ಇನ್ನು ಕಾಣುವ ಸಂಗತಿ. ಬೊಂಡಾಸಿನ ಮೊಟ್ಟೆ ಇಡಿಯಾಗಿ ಸೀಳುವುದಿಲ್ಲ. ಒಂದು ತುದಿಯಲ್ಲಿ ಕೋಶಗಳ ತಟ್ಟೆ ಮೂಡಿ, ಪೋಷಕ ಭಂಡಾರದ (ಭ್ರೂಣಕ್ಕೆ ಆಹಾರವಾಗುವ ಹಳದಿಯ) ಮೇಲೆ ಹರಡುತ್ತದೆ. ಆ ತಟ್ಟೆಯ ಎರಡು ಬದಿಗಳಲ್ಲಿ ಹೊರಚರ್ಮ ದಪ್ಪಗಾಗಿ ಒಳಗೆ ಕುಸಿದು ಕಣ್ಣಾಗುತ್ತದೆ. ಈ ಕುಳಿಯನ್ನು ಇದೇ ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು, ಮುಂದೆ ಕಣ್ಣೊಳಗಿನ ಬೆಳಕು ಗ್ರಹಿಸುವ ಪದರವಾದ ರೆಟಿನಾಕ್ಕೆ ಕೆಂಪು ಬಣ್ಣ ಏರಿದಾಗಲಂತೂ ತಪ್ಪುವುದೇ ಇಲ್ಲ. ಕಣ್ಣಿನ ಹಿಂದೆ ದೃಷ್ಟಿಪಾಲಿಗಳು, ಅಂದರೆ ನೋಟವನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳು, ಉಬ್ಬುತ್ತವೆ. ಬೆಳೆದ ಬೊಂಡಾಸಿನ ಮಿದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇವುಗಳದೇ. ನಮಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಕೊನೆಯ ಹಂತ: ಮೈಮೇಲಿನ ಬಣ್ಣಕೋಶಗಳು ಹಿಗ್ಗಿ ಕುಗ್ಗತೊಡಗುತ್ತವೆ. ಅವುಗಳ ಸ್ನಾಯುಗಳನ್ನು ಮಿದುಳಿನಿಂದ ಬರುವ ನರಗಳೇ ನೇರವಾಗಿ ಆಳುತ್ತವೆ. ಆದ್ದರಿಂದ ನರ ಜೋಡಣೆ ಕೆಲಸ ಶುರುಮಾಡಿದೆ ಎಂಬುದಕ್ಕೆ, ಯಾವ ಬಣ್ಣವನ್ನೂ ಹಾಕದೆ ಸಿಗುವ ಪುರಾವೆ ಇದು.

ಹಾರ್ವರ್ಡ್‌ನ ಸಂಶೋಧಕರು 2022ರಲ್ಲಿ ಬೊಂಡಾಸ್ ಭ್ರೂಣದ ರೆಟಿನಾದಲ್ಲಿ ತೋರಿಸಿದ್ದು ಬೇರೆಯೇ ಮಟ್ಟದ್ದು. ಅಲ್ಲಿ ನರಕೋಶಗಳಿಗೆ ಜನ್ಮ ಕೊಡುವ ಹುಟ್ಟುಕೋಶಗಳ ಕೋಶಕೇಂದ್ರಗಳು (ನ್ಯೂಕ್ಲಿಯಸ್) ಪದರದೊಳಗೆ ಮೇಲೆ ಕೆಳಗೆ ಸರಿಯುತ್ತಾ ವಿಭಜಿಸುತ್ತವೆ, ಥೇಟ್ ಕಶೇರುಕಗಳಲ್ಲಿ (ಬೆನ್ನೆಲುಬಿರುವ ಪ್ರಾಣಿಗಳಲ್ಲಿ) ಆಗುವಂತೆ. ಅದನ್ನು ನೋಡಲು ಪ್ರತಿದೀಪಕ (ಫ್ಲೋರೊಸೆಂಟ್) ಬಣ್ಣವೂ ಅದಕ್ಕೆ ತಕ್ಕ ದುಬಾರಿ ಉಪಕರಣವೂ ಬೇಕು.

ಜೊತೆಗೆ ಬರುವ ದೀಪವೇ ಈ ಉಪಕರಣದ ದೊಡ್ಡ ದೋಷ. ಮೇಲಿನಿಂದ ಬೀಳುವ ಬೆಳಕು ನೀರಿನಲ್ಲಿ ಪ್ರತಿಫಲಿಸಿ ಎಂಟು ಬಿಳಿ ಚುಕ್ಕೆಗಳಾಗಿ ಭ್ರೂಣವನ್ನೇ ಮುಚ್ಚುತ್ತದೆ. ಆ ದೀಪವನ್ನು ನಂದಿಸಿ, ಗಾಜಿನ ತಟ್ಟೆಯ ಕೆಳಗೆ ಬಟರ್ ಪೇಪರ್ ಹಾಸಿ, ಅದರಡಿ ಸಣ್ಣ ಎಲ್‌ಇಡಿ ಇಡಿ. ಬಣ್ಣಕೋಶ ನೋಡುವಾಗ ಮಾತ್ರ ಕೆಳಗೆ ಕಪ್ಪು ಕಾಗದ, ಪಕ್ಕದಿಂದ ಬೆಳಕು. ನೀರು 3 ಮಿಲಿಮೀಟರ್‌ಗಿಂತ ಆಳ ಬೇಡ. ಹೆಚ್ಚಾದರೆ ಹತ್ತಿರದ ಫೋಕಸ್‌ನಲ್ಲಿ ಮೂತಿ ನೀರಿಗೆ ತಾಗುತ್ತದೆ. ಒಂದು ತಟ್ಟೆಯನ್ನು ಐದು ನಿಮಿಷಕ್ಕಿಂತ ಹೆಚ್ಚು ದೀಪದಡಿ ಇಡಬೇಡಿ. ಬಿಸಿ, ಅಲುಗಾಟ ಎರಡೂ ಸೇರಿದರೆ ಮರಿ ಅಕಾಲದಲ್ಲಿ ಹೊರಬೀಳುತ್ತದೆ, ಭಂಡಾರ ಇನ್ನೂ ಹೊರಗೆ ನೇತಾಡುತ್ತಿರುತ್ತದೆ.

ಚುರುಕಾದ ಭ್ರೂಣ ಚಿತ್ರದಲ್ಲಿ ಮಸುಕಾಗುತ್ತದೆ. ಲೀಟರ್ ಬಟ್ಟಿ ಇಳಿಸಿದ ನೀರಿಗೆ 75 ಗ್ರಾಂ ಮೆಗ್ನೀಸಿಯಮ್ ಕ್ಲೋರೈಡ್ ಹರಳು ಕರಗಿಸಿ, ಅಷ್ಟೇ ಸಮುದ್ರದ ನೀರು ಬೆರೆಸಿ ಅದರಲ್ಲಿಟ್ಟರೆ ಭ್ರೂಣ ಶಾಂತವಾಗುತ್ತದೆ. ಆದರೆ ಬಣ್ಣಕೋಶದ ಆಟವೂ ನಿಲ್ಲುತ್ತದೆ, ಆದ್ದರಿಂದ ಅದನ್ನು ಮೊದಲೇ ವಿಡಿಯೊ ಮಾಡಿಟ್ಟುಕೊಳ್ಳಿ.

ಪ್ಲಾಸ್ಟಿಕ್ ಸ್ಟ್ಯಾಂಡು ಅಲುಗುತ್ತದೆ, ಮರದ ಹಲಗೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಕರಾವಳಿಯ ಉಪ್ಪುಗಾಳಿಗೆ ಯುಎಸ್‌ಬಿ ತುದಿ ಬೇಗ ಹಸಿರುಗಟ್ಟುತ್ತದೆ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.